ಕಥೆಯಿಲ್ಲದ ಪ್ರವಾಸ ಕಥನ

'ದೇಶ ಸುತ್ತು, ಕೋಶ ಓದು' ಎಂದು ಹಿರಿಯರು ಹೇಳಿದ್ದು ಬಹುಶಃ ಗಂಡುಮಕ್ಕಳಿಗೆ. ಹೆಣ್ಣುಮಕ್ಕಳ ಪಾಲಿಗೆ ಬಹುಕಾಲ ದೇಶವೆಂದರೆ ತವರಿಗೂ ಅತ್ತೆಮನೆಗೂ ನಡುವಿನ ದಾರಿ. ಕೋಶವೆಂದರೆ ಮೊಳೆಗೆ ನೇತುಹಾಕಿದ ಪಂಚಾಂಗ. ಈಗ ಹಾಗಿಲ್ಲ. ಶಿವಮೊಗ್ಗ, ಹಾಸನ, ಧಾರವಾಡದಂಥ ಊರುಗಳಿಂದಲೂ ಹೆಂಗಸರು ಯುರೋಪು ನೋಡಿ ಬರುತ್ತಿದ್ದಾರೆ. ಸಂತೋಷದ ವಿಷಯವೇ. ಆದರೆ ಬಂದವರನ್ನು ಒಮ್ಮೆ ಮಾತನಾಡಿಸಿ ನೋಡಿ. ಐಫೆಲ್ ಗೋಪುರ ಹೇಗಿತ್ತೆಂದು ಹೇಳುತ್ತಾರೆ, ಹಿಮದಲ್ಲಿ ನಿಂತು ತೆಗೆಸಿಕೊಂಡ ಫೋಟೋ ತೋರಿಸುತ್ತಾರೆ. 'ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡಿಗೆ ಹೇಗೆ ಹೋದಿರಿ?' ಎಂದು ಕೇಳಿದರೆ, 'ಬಸ್ಸಿನಲ್ಲಿ ಕರೆದುಕೊಂಡು ಹೋದರಪ್ಪ' ಎನ್ನುತ್ತಾರೆ. ಎಲ್ಲಿ ಇಳಿದಿರಿ? ಬಸ್ಸು ನಿಲ್ಲಿಸಿದ ಕಡೆ.

ನಮ್ಮ ಪ್ರವಾಸ ಕಥನಗಳಲ್ಲಿ ಹೆಚ್ಚಿನವು ಮಾಡುವುದೂ ಇದನ್ನೇ. 'ಮರುದಿನ ವೆನಿಸ್ ತಲುಪಿದೆವು' ಎಂಬ ಒಂದು ವಾಕ್ಯದಲ್ಲಿ ಇಡೀ ದಾರಿ ಮುಗಿದುಹೋಗುತ್ತದೆ. ಯಾವ ಸ್ಟೇಷನ್ನಿನಿಂದ ಹೊರಟರು, ಎಲ್ಲಿ ಗಾಡಿ ಬದಲಿಸಿದರು, ಟಿಕೆಟ್ಟನ್ನು ಯಾವಾಗ ಕೊಂಡರು ಎಂಬುದು ಬರೆಯುವವರಿಗೆ ಅಡುಗೆಮನೆಯ ವಿಷಯದಂತೆ, ಹಜಾರಕ್ಕೆ ತರುವಂಥದ್ದಲ್ಲ. ಆದ್ದರಿಂದ ನಾನಿಲ್ಲಿ ವಿಮರ್ಶೆಗೆ ಎತ್ತಿಕೊಳ್ಳುತ್ತಿರುವುದು ಬೇರೊಂದು ಪುಸ್ತಕವನ್ನು. ಅದರಲ್ಲಿ ಕಥೆಯಿಲ್ಲ, ವರ್ಣನೆಯಿಲ್ಲ, ಒಂದೇ ಒಂದು ವಿಶೇಷಣವೂ ಸಿಗಲಾರದು. ಅದು ಯುರೋಪಿನ ರೈಲು ವೇಳಾಪಟ್ಟಿ. ಯುರೋಪಿನ ಬಗ್ಗೆ ನಾನು ಓದಿದ ಪ್ರವಾಸ ಪುಸ್ತಕಗಳಲ್ಲಿ ಹೆಣ್ಣುಮಕ್ಕಳ ಕೈಗೆ ಮೊದಲು ಕೊಡಬೇಕಾದದ್ದು ಇದನ್ನೇ ಎನ್ನುವುದು ನನ್ನ ಅಭಿಪ್ರಾಯ.

ಇದಕ್ಕೆ ದೊಡ್ಡ ವಂಶಾವಳಿಯೇ ಇದೆ. ಇಂಗ್ಲೆಂಡಿನಲ್ಲಿ ಜಾರ್ಜ್ ಬ್ರಾಡ್‌ಶಾ 1839ರಲ್ಲೇ ರೈಲು ವೇಳಾಪಟ್ಟಿ ಅಚ್ಚುಹಾಕಿಸಿದ. 1847ರಲ್ಲಿ ಯುರೋಪ್ ಖಂಡದ್ದೂ ಬಂತು. ಜೂಲ್ಸ್ ವರ್ನ್‌ನ ಫಿಲಿಯಾಸ್ ಫಾಗ್ ಎಂಬತ್ತು ದಿನಗಳಲ್ಲಿ ಲೋಕ ಸುತ್ತಲು ಹೊರಟಾಗ ಕಂಕುಳಲ್ಲಿ ಇಟ್ಟುಕೊಂಡದ್ದು ಈ ಬ್ರಾಡ್‌ಶಾನನ್ನೇ. 1873ರಲ್ಲಿ ಥಾಮಸ್ ಕುಕ್ ಕಂಪನಿ ತನ್ನದೇ ವೇಳಾಪಟ್ಟಿ ಹೊರತಂದಿತು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಿಂತುಹೋಗಿ 1946ರಲ್ಲಿ ಮತ್ತೆ ಆರಂಭವಾಯಿತು. 2013ರಲ್ಲಿ ಕಂಪನಿ ಇದನ್ನು ನಿಲ್ಲಿಸಿಯೇಬಿಟ್ಟಿತು. ಆಗ ಅದನ್ನು ಸಂಪಾದಿಸುತ್ತಿದ್ದವರೇ ಒಟ್ಟು ಸೇರಿ 2014ರಲ್ಲಿ 'ಯುರೋಪಿಯನ್ ರೈಲ್ ಟೈಮ್‌ಟೇಬಲ್' ಎಂಬ ಹೆಸರಿನಲ್ಲಿ ಬದುಕಿಸಿದರು. ಐದು ವರ್ಷಗಳ ನಂತರ, 2019ರಲ್ಲಿ, ಥಾಮಸ್ ಕುಕ್ ಕಂಪನಿಯೇ ಮುಳುಗಿತು. ಮಾಲೀಕ ಕೈಬಿಟ್ಟರೂ ಪುಸ್ತಕ ಉಳಿದದ್ದು ಕೆಲಸಗಾರರ ಪ್ರೀತಿಯಿಂದ.

ಮೊದಲ ಸಲ ಪುಟ ತೆರೆದವರಿಗೆ ಕಣ್ಣು ಕತ್ತಲೆ ಕಟ್ಟುವುದು ನಿಜ. ಎಡಗಡೆ ಮೇಲಿನಿಂದ ಕೆಳಕ್ಕೆ ಊರುಗಳ ಹೆಸರು, ಪಕ್ಕದಲ್ಲಿ ಸಾಲುಸಾಲಾಗಿ ಅಂಕಿಗಳು. ಒಂದೊಂದು ಕಂಬಸಾಲೂ ಒಂದೊಂದು ಗಾಡಿ. ವೃತ್ತದೊಳಗೆ 1 ಇದ್ದರೆ ಸೋಮವಾರ, 7 ಇದ್ದರೆ ಭಾನುವಾರ. ಜೋಡಿ ಸುತ್ತಿಗೆ ಇದ್ದರೆ ಕೆಲಸದ ದಿನ. ಚಾಕು-ಮುಳ್ಳು ಇದ್ದರೆ ಊಟದ ಡಬ್ಬಿ. ಆದರೆ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಐದು ಸಾಲುಗಳನ್ನು ಒಂದೇ ನೋಟಕ್ಕೆ ಓದಿ, ರಾಹುಕಾಲ ಕಳೆದು, ಮಕ್ಕಳ ಪರೀಕ್ಷೆ ತಪ್ಪಿಸಿ, ಮದುವೆಯ ದಿನ ಗೊತ್ತುಮಾಡುವ ನಮ್ಮ ಮನೆಯ ಹೆಂಗಸರಿಗೆ ಇದೇನು ಮಹಾ? ನನ್ನ ಅತ್ತಿಗೆ ಅರ್ಧ ಗಂಟೆಯಲ್ಲಿ ಕಲಿತರು. ಆಮೇಲೆ ನನಗಿಂತ ಚುರುಕಾಗಿ ಪುಟ ಮಗುಚುತ್ತಿದ್ದರು.

ನಾವಿಬ್ಬರೂ ಐವತ್ತು ದಾಟಿದವರು. ಪ್ಯಾರಿಸ್, ಜೂರಿಕ್, ವೆನಿಸ್, ವಿಯೆನ್ನಾ ಎಂದು ನಾಲ್ಕು ಊರು ಇಟ್ಟುಕೊಂಡು ಊಟದ ಮೇಜಿನ ಮೇಲೆ ಎರಡು ತಿಂಗಳು ಕೂಡಿಸಿ ಕಳೆದೆವು. 'ಯಾಕೆ ಈ ತಲೆನೋವು, ಟೂರಿನವರು ಎಲ್ಲ ನೋಡ್ಕೋತಾರಲ್ಲ' ಎಂದರು ನಮ್ಮ ಮನೆಯವರು. ಅತ್ತಿಗೆ ತಲೆ ಎತ್ತದೆ, 'ನೋಡ್ಕೊಳ್ಳೋರು ಅವರಾದ್ರೆ, ನೋಡೋರು ಯಾರು?' ಎಂದರು.

ಈ ಪುಸ್ತಕದ ಮೊದಲ ಗುಣವೆಂದರೆ, ನಾವು ಕೇಳದ ಪ್ರಶ್ನೆಗೂ ಉತ್ತರ ಹೇಳುತ್ತದೆ. ಮೊಬೈಲಿನಲ್ಲಿ ಜೂರಿಕ್‌ನಿಂದ ಇಟಲಿಯ ಕಡೆಗೆ ಎಂದು ಹುಡುಕಿದರೆ, ಬೇಗ ತಲುಪಿಸುವ ಗಾಡಿಗಳನ್ನೇ ಅದು ಮುಂದಿಡುತ್ತದೆ. ಅವು ಹೋಗುವುದು 2016ರಲ್ಲಿ ತೆರೆದ ಗೊಟ್ಟಾರ್ಡ್ ಸುರಂಗದಲ್ಲಿ. 57 ಕಿಲೋಮೀಟರ್ ಉದ್ದ; ಕಿಟಕಿಯಲ್ಲಿ ಕಾಣುವುದು ನಮ್ಮದೇ ಮುಖ. ಆಲ್ಪ್ಸ್ ನೋಡಲೆಂದು ಸಾಲ ಮಾಡಿ ಬಂದವರು ಆಲ್ಪ್ಸ್‌ನ ಕೆಳಗೆ ಹಾದುಹೋಗುತ್ತಾರೆ. ವೇಳಾಪಟ್ಟಿಯ ಪುಟದಲ್ಲಾದರೋ ಹಳೆಯ ಬೆಟ್ಟದ ದಾರಿಯೂ ಕಣ್ಣಿಗೆ ಬೀಳುತ್ತದೆ. ಬೆಲಿಂಜೋನಾ ಮುಟ್ಟಲು ಸುಮಾರು ಒಂದು ಗಂಟೆ ಹೆಚ್ಚು ಬೇಕು, ಅಷ್ಟೇ. ಈ ದಾರಿ ಬೆಟ್ಟವನ್ನು ಸುತ್ತಿ ಸುತ್ತಿ ಏರುವುದರಿಂದ ವಾಸೆನ್ ಎಂಬ ಹಳ್ಳಿಯ ಪುಟ್ಟ ಚರ್ಚು ಮೂರು ಸಲ ಕಾಣುತ್ತದೆ: ಒಮ್ಮೆ ತಲೆಯ ಮೇಲೆ, ಒಮ್ಮೆ ಕಣ್ಣಿನ ಮಟ್ಟಕ್ಕೆ, ಒಮ್ಮೆ ಕಾಲ ಕೆಳಗೆ. ಬೇಗ ಎಂಬುದೇ ಒಳ್ಳೆಯದು ಎಂದು ಈ ಪುಸ್ತಕ ಹೇಳುವುದಿಲ್ಲ. ಎರಡನ್ನೂ ಮುಂದಿಟ್ಟು ಸುಮ್ಮನಿರುತ್ತದೆ.

ಎರಡನೆಯ ಗುಣ, ಊರಿನ ಹೆಸರನ್ನು ಆ ಊರಿನವರು ಕರೆಯುವಂತೆಯೇ ಕಲಿಸುತ್ತದೆ. ಫ್ಲಾರೆನ್ಸ್ ಎಂಬ ಹೆಸರಿಗಾಗಿ ಇಟಲಿಯ ಸ್ಟೇಷನ್ನಿನಲ್ಲಿ ಹುಡುಕುವವರಿಗೆ ಕಾಣುವುದು ಫಿರೆಂಜೆ. ವಿಯೆನ್ನಾ ಅಲ್ಲಿಯವರಿಗೆ ವೀನ್. ಇಟಲಿಯವರು ಜರ್ಮನಿಯ ಮ್ಯೂನಿಕ್ಕನ್ನು ಮೊನಾಕೊ ಎನ್ನುತ್ತಾರೆ. ರಾಜಮನೆತನದ ಮೊನಾಕೊಗೂ ಅದೇ ಹೆಸರು! ವೆನಿಸ್‌ಗಂತೂ ಎರಡು ಸ್ಟೇಷನ್ನು: ಮೆಸ್ತ್ರೆ ಇರುವುದು ನೆಲದ ಮೇಲೆ, ಸಾಂತಾ ಲೂಚಿಯಾ ನೀರಿನ ನಡುವಿನ ದ್ವೀಪದಲ್ಲಿ. ಮೊದಲನೆಯದರಲ್ಲಿ ಇಳಿದು 'ಕಾಲುವೆಗಳೆಲ್ಲಿ?' ಎಂದು ಕೇಳಿದರೆ ಉಪಯೋಗವಿಲ್ಲ. ಪ್ಯಾರಿಸ್ಸಿನಲ್ಲಿ ಒಂದೊಂದು ದಿಕ್ಕಿಗೆ ಒಂದೊಂದು ದೊಡ್ಡ ಸ್ಟೇಷನ್ನು. ಲಂಡನ್ನಿನ ಗಾಡಿ ಬಂದು ನಿಲ್ಲುವುದು ಗಾರ್ ದು ನಾರ್‌ನಲ್ಲಿ. ಜೂರಿಕ್ ಗಾಡಿ ಹೊರಡುವುದು ಗಾರ್ ದ ಲಿಯಾನ್‌ನಿಂದ. ನಡುವೆ ಸೂಟ್‌ಕೇಸು ಎಳೆದುಕೊಂಡು ಊರೊಳಗಿನ ರೈಲು ಹತ್ತಬೇಕು, ಕೂಲಿಯವರಿಲ್ಲ.

ಓದುತ್ತಾ ಹೋದಂತೆ ದೇಶದೇಶಗಳ ಸ್ವಭಾವವೂ ತಿಳಿಯುತ್ತದೆ. ಸ್ವಿಟ್ಜರ್ಲೆಂಡಿನ ಪುಟದಲ್ಲಿ ಒಂದು ಗಾಡಿ ಎಂಟು ಗಂಟೆ ಐದು ನಿಮಿಷಕ್ಕಿದ್ದರೆ ಮುಂದಿನದು ಒಂಬತ್ತು ಐದಕ್ಕೆ, ಹತ್ತು ಐದಕ್ಕೆ. 1982ರಲ್ಲಿ ಇಡೀ ದೇಶಕ್ಕೆ ಈ ಪದ್ಧತಿ ತಂದರು. ತಪ್ಪಿಹೋದರೂ ಎದೆ ಒಡೆದುಕೊಳ್ಳಬೇಕಿಲ್ಲ, ಕಾಫಿ ಕುಡಿದು ಬರುವಷ್ಟರಲ್ಲಿ ಇನ್ನೊಂದು ಬರುತ್ತದೆ. ಫ್ರಾನ್ಸಿನ ಪುಟದಲ್ಲಿ ಹಾಗಿಲ್ಲ. ಅಲ್ಲಿ ರಾಜಧಾನಿಗೆ ಓಡುವ ಗಾಡಿಗಳದ್ದೇ ದರ್ಬಾರು. ಸಣ್ಣ ಊರಿಂದ ಸಣ್ಣ ಊರಿಗೆ ಹೋಗುವವಳು ಹಲವು ತಾಸು ಕಾಯಬೇಕಾದೀತು.

ಈಗ ಈ ಪುಸ್ತಕದ ಅತಿ ಸಣ್ಣ ಅಕ್ಷರಕ್ಕೆ ಬರೋಣ. ಚೌಕದೊಳಗೆ ಒಂದು 'ಆರ್'. ರಿಸರ್ವೇಷನ್ ಕಡ್ಡಾಯ ಎಂದು ಅರ್ಥ. ನಮ್ಮವರು ಬಹಳ ಜನ ಕೊಳ್ಳುವ ಯುರೇಲ್ ಪಾಸಿನ ಬಗ್ಗೆ ನನ್ನ ತಕರಾರು ಈ ಅಕ್ಷರದಲ್ಲೇ ಇದೆ. 1959ರಲ್ಲಿ ಯುರೋಪಿನ ಹೊರಗಿನವರಿಗೆಂದು ಬಂದ ಪಾಸು ಅದು. ಆಗ 13 ದೇಶ, ಈಗ 33. ಮನಬಂದ ಗಾಡಿ ಹತ್ತಿ, ಮನಬಂದಲ್ಲಿ ಇಳಿಯಿರಿ ಎನ್ನುವುದು ಅದರ ಆಕರ್ಷಣೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡುಗಳಲ್ಲಿ ಇದು ಹೆಚ್ಚುಕಡಿಮೆ ನಿಜ. ಆದರೆ ಫ್ರಾನ್ಸ್, ಇಟಲಿ, ಸ್ಪೇನ್‌ಗಳ ವೇಗದ ಗಾಡಿಗಳಿಗೆ ಪಾಸಿದ್ದರೂ ಬೇರೆ ದುಡ್ಡು ಕೊಟ್ಟು ಸೀಟು ಕಾದಿರಿಸಲೇಬೇಕು. ಲಂಡನ್-ಪ್ಯಾರಿಸ್ ಗಾಡಿಯಲ್ಲಿ ಪಾಸಿನವರಿಗೆಂದು ಇಡುವ ಸೀಟೇ ಮಿತ. ನಮ್ಮಲ್ಲಿನಂತೆ ವೇಟಿಂಗ್ ಲಿಸ್ಟು, ಆರ್‌ಎಸಿ ಎಂಬ ಆಸೆಯೂ ಇಲ್ಲ. ಮದುವೆ ಊಟಕ್ಕೆ ಕರೆದು ಎಲೆಗೆ ಪ್ರತ್ಯೇಕ ಕಾಸು ಕೇಳಿದಂತಾಯಿತು. ಸ್ವಾತಂತ್ರ್ಯವೆಂದು ಮಾರಿದ್ದನ್ನು ಸಣ್ಣಕ್ಷರದಲ್ಲಿ ವಾಪಸು ಪಡೆಯುವುದು ಸರಿಯಲ್ಲ. ನಾವು ಪಾಸು ಕೊಳ್ಳಲಿಲ್ಲ. ಫ್ರಾನ್ಸ್, ಇಟಲಿಯ ಗಾಡಿಗಳಿಗೆ ಮುಂಚಿತವಾಗಿ ಬಿಡಿ ಟಿಕೆಟ್ ಕೊಂಡರೆ ಎಷ್ಟೋ ಸಲ ಅಗ್ಗ. ವಿಮಾನದಂತೆ ಅಲ್ಲಿ ದಿನ ಹತ್ತಿರವಾದಷ್ಟೂ ದರ ಏರುತ್ತದೆ.

ಇಲ್ಲೊಂದು ತೊಡಕಿದೆ. ಅದರ ಬಗ್ಗೆ ಪಶ್ಚಿಮದವರು ಬರೆದ ಯಾವ ಪ್ರವಾಸ ಪುಸ್ತಕವೂ ನನಗೆ ಸಮಾಧಾನ ಕೊಟ್ಟಿಲ್ಲ. 'ಮನಸ್ಸು ಕರೆದತ್ತ ಅಲೆಯಿರಿ' ಎಂದು ಬರೆಯುವವರಿಗೆ ವೀಸಾ ಬೇಡ. ನಮಗೆ ಬೇಕು. ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ಯಾವ ದಿನ ಯಾವ ಊರಲ್ಲಿ ಮಲಗುತ್ತೇವೆಂದು ಬರೆದುಕೊಡಬೇಕು. ಬ್ರಿಟನ್ನಿಗೆ ಬೇರೆಯದೇ ವೀಸಾ. ಅಗ್ಗದ ರೈಲು ಟಿಕೆಟ್ಟಿಗೆ ಹಣ ವಾಪಸಿಲ್ಲ. ವೀಸಾ ಸಿಗುತ್ತದೆಂಬ ಖಾತ್ರಿಯಿಲ್ಲ. ಮೊದಲೇ ಕೊಂಡರೆ ದುಡ್ಡು ಹೋದೀತು, ಕಾದರೆ ದರ ಏರೀತು. ಇದಕ್ಕೆ ನಾವು ಹಿಡಿದ ದಾರಿ: ರದ್ದು ಮಾಡಬಹುದಾದ ಹೋಟೆಲು ಗೊತ್ತುಮಾಡಿ, ವೇಳಾಪಟ್ಟಿ ನೋಡಿ ಗಾಡಿಗಳನ್ನು ಬರೆದಿಟ್ಟು, ವೀಸಾ ಮುದ್ರೆ ಬಿದ್ದ ದಿನವೇ ಟಿಕೆಟ್ ಕೊಂಡೆವು. ಅರ್ಜಿಯ ಜೊತೆ ಕೊಟ್ಟ ದಿನವಹಿ ಪಟ್ಟಿ ಅತ್ತಿಗೆಯ ಕೈಬರಹದಿಂದ ಟೈಪು ಮಾಡಿದ್ದು. ಗಾಡಿಯ ಸಮಯ ಸಮೇತ ಇತ್ತು.

ದೋಷಗಳಿಲ್ಲವೆಂದಲ್ಲ. ಈ ಪುಸ್ತಕ ವೇಳೆ ಹೇಳುತ್ತದೆ, ಬೆಲೆ ಹೇಳುವುದಿಲ್ಲ. ಅಚ್ಚಾದ ಮೇಲೆ ಬೆಟ್ಟ ಕುಸಿದರೆ ಅದಕ್ಕೇನು ಗೊತ್ತು? 2023ರ ಆಗಸ್ಟಿನಲ್ಲಿ ಫ್ರಾನ್ಸಿನ ಮೊರಿಯೆನ್ ಕಣಿವೆಯಲ್ಲಿ ಗುಡ್ಡ ಜರಿದು, ಪ್ಯಾರಿಸ್-ಮಿಲಾನ್ ದಾರಿ 2025ರ ಮಾರ್ಚ್ ಕೊನೆಯವರೆಗೂ ಮುಚ್ಚಿತ್ತು. ಪ್ರತಿ ಡಿಸೆಂಬರ್ ಎರಡನೇ ಶನಿವಾರದ ನಡುರಾತ್ರಿಗೆ ಯುರೋಪಿನ ವೇಳಾಪಟ್ಟಿಯೇ ಬದಲಾಗುತ್ತದೆ. ಹಳೆಯ ಪ್ರತಿ ನಂಬಿ ಕೂರುವಂತಿಲ್ಲ. ಹೊರಡುವ ಮುನ್ನ ಆಯಾ ದೇಶದ ರೈಲ್ವೆಯ ಇಂದಿನ ಮಾಹಿತಿ ನೋಡಲೇಬೇಕು. ಇನ್ನು, ಏಳು ನಿಮಿಷದಲ್ಲಿ ಗಾಡಿ ಬದಲಿಸಬಹುದೆಂದು ಅಂಕಿ ಹೇಳುತ್ತದೆ. ನಡುವೆ ಎಷ್ಟು ಮೆಟ್ಟಿಲು, ಮಂಡಿ ನೋವಿನವಳಿಗೆ ಎಷ್ಟು ಹೊತ್ತು, ಅದು ಹೇಳದು. ಸ್ಟೇಷನ್ನಿನ ಶೌಚಾಲಯಕ್ಕೆ ಚಿಲ್ಲರೆ ಇಟ್ಟುಕೊಳ್ಳಿ ಎಂದೂ ಹೇಳದು. ಹೆಂಗಸರು ಬರೆದಿದ್ದರೆ ಇವೂ ಇರುತ್ತಿದ್ದವೇನೋ.

ಆದರೂ ಅಂಕಿಗಳನ್ನು ನಮ್ಮ ಕಣ್ಣಿನಿಂದ ಓದಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ನಾವು ಹೊಸ ಊರಿಗೆ ಕತ್ತಲಾಗುವ ಮೊದಲೇ ತಲುಪುವ ಗಾಡಿಗಳಿಗಷ್ಟೇ ಗೆರೆ ಎಳೆದೆವು. ಜೂನಿನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕೂವರೆಗೇ ದೀಪ ಹಚ್ಚುವ ಹೊತ್ತು. ವೆನಿಸ್‌ನಿಂದ ವಿಯೆನ್ನಾಕ್ಕೆ ರಾತ್ರಿ ರೈಲು ಹಿಡಿದೆವು. ಆಸ್ಟ್ರಿಯಾದ ಆ ಗಾಡಿಗಳಲ್ಲಿ ಹೆಂಗಸರಿಗೇ ಮೀಸಲಾದ ಕಂಪಾರ್ಟ್‌ಮೆಂಟನ್ನು ಕೇಳಿ ಪಡೆಯಬಹುದು. ಒಂದು ರಾತ್ರಿಯ ಹೋಟೆಲಿನ ಖರ್ಚೂ ಉಳಿಯಿತು, ನಿದ್ದೆಯೂ ಬಂತು.

ಎಲ್ಲರೂ ಹೀಗೆಯೇ ಹೋಗಬೇಕೆಂದು ನಾನು ಹೇಳಲಾರೆ. ವಯಸ್ಸಾದವರಿಗೆ, ಆರೋಗ್ಯ ಸರಿಯಿಲ್ಲದವರಿಗೆ ಗುಂಪಿನ ಪ್ರವಾಸವೇ ಕ್ಷೇಮ. ಆದರೆ ಹಾಗೆ ಹೋಗುವವರೂ ಒಂದು ಸಲ ಈ ಪುಟಗಳ ಮೇಲೆ ಬೆರಳಾಡಿಸಿ ನೋಡಲಿ. ಮನೆಯ ಲೆಕ್ಕ, ಮಕ್ಕಳ ಶಾಲೆ, ಹಬ್ಬದ ಸಾಮಾನು ಎಲ್ಲವನ್ನೂ ತೂಗಿಸುವ ಹೆಂಗಸರಿಗೆ ರೈಲಿನ ವಿಷಯ ಬಂದ ಕೂಡಲೇ 'ನಿನಗೆ ಗೊತ್ತಾಗೋಲ್ಲ ಬಿಡು' ಎನ್ನುವ ಮಾತು ಇನ್ನೂ ಎಷ್ಟೋ ಮನೆಗಳಲ್ಲಿ ಇದೆ. ಈ ಪುಸ್ತಕ ಓದುವವಳು ಯಾರೆಂದು ವಿಚಾರಿಸುವುದಿಲ್ಲ. ಎಲ್ಲ ಗಾಡಿಗಳನ್ನೂ ಅವಳ ಮುಂದಿಟ್ಟು, ಆರಿಸುವುದನ್ನು ಅವಳಿಗೇ ಬಿಡುತ್ತದೆ.