ಕಾರ್ಮುಕಗ್ರಾಮವೂ ಕಡಲತಡಿಯ ಊರೂ

ಮಾನಸಾರದ ಒಂಬತ್ತನೆಯ ಅಧ್ಯಾಯವು ದಂಡಕ, ಸರ್ವತೋಭದ್ರ, ನಂದ್ಯಾವರ್ತ, ಪದ್ಮಕ, ಸ್ವಸ್ತಿಕ, ಪ್ರಸ್ತರ, ಕಾರ್ಮುಕ, ಚತುರ್ಮುಖ ಎಂದು ಎಂಟು ಬಗೆಯ ಗ್ರಾಮಗಳನ್ನು ಹೇಳುವುದು. ಇವುಗಳಲ್ಲಿ ಬಿಲ್ಲಿನಂತೆ ಬಾಗಿದ ಕಾರ್ಮುಕವು ನದೀತೀರಕ್ಕೂ ಸಮುದ್ರತೀರಕ್ಕೂ ಉಚಿತವೆಂಬುದು ಪ್ರಸಿದ್ಧವಾಗಿದೆ. ಈ ಗ್ರಂಥವನ್ನು ಪಾಶ್ಚಾತ್ಯರಿಗೆ ಪರಿಚಯಿಸಿದವರು ಬೆಂಗಳೂರಿನಲ್ಲಿ ನ್ಯಾಯಾಧಿಪತಿಗಳಾಗಿದ್ದ ರಾಮರಾಜರು. ಅವರ ಪ್ರಬಂಧವು 1834ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಪ್ರಸನ್ನಕುಮಾರ ಆಚಾರ್ಯರು 1934ರಲ್ಲಿ ಭಾಷಾಂತರದೊಡನೆ ಚಿತ್ರಸಂಪುಟವನ್ನೂ ಹೊರತಂದರು. ಈ ಚಿತ್ರಗಳನ್ನು ನೋಡಿದವರಿಗೆ, ಕರಾವಳಿಯ ಗ್ರಾಮಮಧ್ಯವನ್ನು ಬಿಲ್ಲಿನ ಆಕೃತಿಯಲ್ಲಿ ಬರೆದುಬಿಟ್ಟರೆ ಶಾಸ್ತ್ರವನ್ನು ಪಾಲಿಸಿದಂತಾಯಿತೆಂದು ತೋರಬಹುದು. ಇದು ವಿಚಾರಕ್ಕೆ ನಿಲ್ಲತಕ್ಕುದಲ್ಲ.

ಲಕ್ಷಣವು ಲಕ್ಷ್ಯವನ್ನನುಸರಿಸತಕ್ಕದ್ದು. ಶಬ್ದಪ್ರಯೋಗವು ಮೊದಲು, ಸೂತ್ರವು ಆಮೇಲೆ ಎಂಬ ವ್ಯಾಕರಣನ್ಯಾಯವು ವಾಸ್ತುವಿಗೂ ಸಲ್ಲುವುದು. ಮಾನಸಾರದ ಕ್ರಮವೇ ಇದಕ್ಕೆ ಸಾಕ್ಷಿ: ಭೂಮಿಸಂಗ್ರಹ, ಭೂಪರೀಕ್ಷೆ, ಶಂಕುಸ್ಥಾಪನೆ, ಪದವಿನ್ಯಾಸಗಳನ್ನು ಹೇಳಿದಮೇಲೆಯೇ ಗ್ರಾಮಲಕ್ಷಣವು ಬರುವುದು. ಮಣ್ಣನ್ನೂ ನೀರಿನ ಹರಿವನ್ನೂ ನೋಡದೆ ಒಂಬತ್ತನೆಯ ಅಧ್ಯಾಯವನ್ನೇ ಮೊದಲು ತೆರೆಯುವವನು ಗ್ರಂಥವನ್ನು ತಲೆಕೆಳಗಾಗಿ ಓದಿದಂತಾಯಿತು.

ಕನ್ನಡ ಕರಾವಳಿಯಲ್ಲಿ ಮನೆಗಳು ಬಹುಮಟ್ಟಿಗೆ ಗದ್ದೆತೋಟಗಳ ನಡುವೆ ಚದರಿರುವುವು. ಬಯಲುಸೀಮೆಯಂತೆ ಒತ್ತಾಗಿ ಕೂಡಿದ ಊರು ಅಲ್ಲಿ ವಿರಳ. ಆದುದರಿಂದ ಊರಿನ ಮಧ್ಯವೆಂದರೆ ವಾಸದ ಮಧ್ಯವಲ್ಲ, ಉತ್ಸವ ವ್ಯವಹಾರಗಳ ಮಧ್ಯ. ಗೋಕರ್ಣವನ್ನೇ ನೋಡಬಹುದು. ಕಡಲು, ಮಹಾಬಲೇಶ್ವರ ದೇವಾಲಯ, ರಥಬೀದಿ, ಕೋಟಿತೀರ್ಥ—ಇವುಗಳ ಪರಸ್ಪರ ಸಂಬಂಧವೇ ಅಲ್ಲಿಯ ವಿನ್ಯಾಸ. ಶಿವರಾತ್ರಿಯ ತೇರು ಹೋಗಬೇಕಾದಷ್ಟು ಬೀದಿ ತೆರವಾಗಿರಬೇಕು. ಮಳೆಗಾಲದ ನೀರು ಇಳಿಯುವಷ್ಟು ಮಾಡು ಓರೆಯಾಗಿರಬೇಕು. ಯಾತ್ರಿಕನು ನೆರಳಿಗೆ ನಿಲ್ಲುವಷ್ಟು ಜಗಲಿಯಿರಬೇಕು. ಊರಿನ ಚೆಲುವು ಈ ಪ್ರಯೋಜನಗಳಿಂದ ಹುಟ್ಟಿದುದೇ ಹೊರತು, ಮೇಲೆ ಹಚ್ಚಿದ ಬಣ್ಣವಲ್ಲ.

ಈಗಿನ ರಾಜಶಾಸನವೇ ಸಾಲದೇ, ಶಾಸ್ತ್ರಚರ್ಚೆಯೇಕೆ, ಎಂದು ಶಂಕೆ ಬರಬಹುದು. ಕರಾವಳಿ ನಿಯಂತ್ರಣದ ಪ್ರಕಟಣೆಯು 1991ರಲ್ಲಿ ಹೊರಟು, 2011ರಲ್ಲಿಯೂ 2019ರಲ್ಲಿಯೂ ಹೊಸ ರೂಪವನ್ನು ಪಡೆಯಿತು. ಕೊನೆಯದರಂತೆ, 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161 ಜನರಿಗಿಂತ ಹೆಚ್ಚಿರುವ ಗ್ರಾಮಪ್ರದೇಶಗಳಲ್ಲಿ ಉಬ್ಬರದ ಗೆರೆಯಿಂದ 50 ಮೀಟರು, ಉಳಿದ ಗ್ರಾಮಪ್ರದೇಶಗಳಲ್ಲಿ 200 ಮೀಟರು ನಿರ್ಮಾಣಕ್ಕೆ ನಿಷಿದ್ಧ. ಇದು ಅವಶ್ಯವಾದ ನಿಷೇಧವೇ ಸರಿ. ಆದರೆ ನಿಷೇಧವು ಎಲ್ಲಿ ಕಟ್ಟಬಾರದೆಂಬುದನ್ನು ಹೇಳೀತು. ಗೆರೆಯ ಆಚೆ ಹೇಗೆ ಕಟ್ಟಬೇಕೆಂಬ ವಿಧಿಯನ್ನು ಹೇಳಲಾರದು. ಜನಸಾಂದ್ರತೆಯಿದ್ದಲ್ಲಿ ಬಿಡುವ ನೆಲ ಕಡಿಮೆಯಾಗುವುದರಿಂದ, ವಿಧಿಯ ಅಪೇಕ್ಷೆ ಅಲ್ಲಿಯೇ ಹೆಚ್ಚು.

ಆ ವಿಧಿಯನ್ನು ಬಿಲ್ಲಿನ ಚಿತ್ರದಲ್ಲಿ ಹುಡುಕುವುದು ವ್ಯರ್ಥ. ಭೂಪರೀಕ್ಷೆಯಲ್ಲಿಯೂ ತೇರಿನ ದಾರಿಯಲ್ಲಿಯೂ ಹುಡುಕುವುದು ಯುಕ್ತ. ಅಂಗಡಿ ವಸತಿಗೃಹಗಳು ಬೆಳೆಯಲಿ. ತೇರಿನ ದಾರಿಯನ್ನೂ ಕೆರೆಗೆ ಬರುವ ನೀರನ್ನೂ ಕಡಲಿಗೆ ಇಳಿಯುವ ಹಾದಿಯನ್ನೂ ಮುಚ್ಚದಿರಲಿ. ಇಷ್ಟನ್ನು ಕಾದುಕೊಂಡ ಊರು ಯಾವ ಆಕೃತಿಯಲ್ಲಿ ಬೆಳೆದರೂ ಶಾಸ್ತ್ರಸಮ್ಮತವೇ. ಇವನ್ನು ಕಳೆದುಕೊಂಡುದು ಬಿಲ್ಲಿನಂತೆಯೇ ಬಾಗಿದ್ದರೂ ನಾರಿಯಿಲ್ಲದ ಬಿಲ್ಲಾದೀತು.