ಅಮಾನತ್ತೋ ಅನುದಾನವೋ?

ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಇಟ್ಟುಕೊಂಡವನು ಅದನ್ನು ಜೋಪಾನ ಮಾಡಬೇಕು, ಹಕ್ಕುದಾರ ಕೇಳಿದಾಗ ಮರಳಿಸಬೇಕು. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು ‘ಅಮಾನತು’ ಆದಾಗ ಅದಕ್ಕೆ ಇನ್ನೊಂದು ಅರ್ಥ ಅಂಟಿಕೊಂಡಿತು: ತಡೆಹಿಡಿದದ್ದು. ಕಲ್ಪತರು ನಾಡಿನ ಗಣಿ ನೆಲವನ್ನು ಸರಿಪಡಿಸಲೆಂದು ಕೂಡಿಟ್ಟ ಹಣದ ಕತೆ ಹೇಳಲು ಈ ಎರಡೂ ಅರ್ಥಗಳು ಬೇಕು.

ಚಿಕ್ಕನಾಯಕನಹಳ್ಳಿ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿದೆ. ಗುಡ್ಡಗಳ ಬುಡದಲ್ಲಿ ತೆಂಗಿನ ತೋಟಗಳಿವೆ. ಗುಡ್ಡ ಅಗೆದಾಗ ಎದ್ದ ಕೆಂಧೂಳು ಗರಿಗಳ ಮೇಲೆ ಕೂರುತ್ತದೆ. ಮಳೆ ಬಂದರೆ ಗಣಿಯ ಮಣ್ಣು ಹಳ್ಳ ಹಿಡಿದು ಕೆರೆಗಿಳಿದು ಹೂಳಾಗುತ್ತದೆ. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನೂ ಆಗಸ್ಟ್‌ನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನೂ ನಿಲ್ಲಿಸಿತು. 2013ರ ಏಪ್ರಿಲ್‌ನ ತೀರ್ಪಿನಂತೆ ಅದಿರು ಮಾರಿದ ಹಣದ ಪಾಲು ಮತ್ತು ಗಣಿಗಳಿಂದ ವಸೂಲಾದ ಮೊತ್ತ ಸೇರಿ ದೊಡ್ಡ ನಿಧಿಯಾಯಿತು. ಅದನ್ನು ಖರ್ಚು ಮಾಡಲೆಂದು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಲಾಯಿತು.

ನಮ್ಮ ಸೀಮೆಯ ಎತ್ತರದ ತಳಿಯ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಸಾಕು. 2011ರಲ್ಲಿ ನೆಟ್ಟ ಸಸಿ ಹಣಕ್ಕೆ ದಾರಿ ತೆರೆಯುವ ಹೊತ್ತಿಗೆ ಹಲವು ಸಲ ಫಸಲು ಕೊಟ್ಟಿರುತ್ತದೆ. ಹಣ ಮಾತ್ರ ಕಚೇರಿ ಕನ್ನಡದ ಅರ್ಥದಲ್ಲೇ ಅಮಾನತಿನಲ್ಲಿತ್ತು. ವಿಳಂಬವೆಲ್ಲ ಕೆಟ್ಟದ್ದೆನ್ನಲಾರೆ. ಅವಸರದಲ್ಲಿ ಬಿಟ್ಟುಕೊಟ್ಟಿದ್ದರೆ ನಿಧಿ ಯಾರ ಪಾಲಾಗುತ್ತಿತ್ತು ಎಂಬುದನ್ನು ಆ ವರ್ಷಗಳ ರಾಜಕಾರಣ ಕಂಡವರಿಗೆ ಹೇಳಬೇಕಿಲ್ಲ. ಆದರೆ ಕಾದದ್ದರ ಫಲ ಏನು?

ಯೋಜನೆಯಲ್ಲಿ ಕುಡಿಯುವ ನೀರು, ಆಸ್ಪತ್ರೆ, ಶಾಲೆ, ವಸತಿ, ರಸ್ತೆ, ರೈಲು ಎಲ್ಲವೂ ಇವೆ. ಯಾವುದೂ ಬೇಡವೆನ್ನುವಂಥದ್ದಲ್ಲ. ಆದರೆ ಇವನ್ನೆಲ್ಲ ಸರ್ಕಾರ ತನ್ನ ಬೊಕ್ಕಸದಿಂದಲೇ ಮಾಡಬೇಕಿತ್ತು. ಗಣಿಯಿಂದ ಕೆಟ್ಟ ನೆಲದ ಹೆಸರಿನ ಹಣದಲ್ಲಿ ರಸ್ತೆಯಾದರೆ, ಕೆಟ್ಟ ನೆಲಕ್ಕೆ ಯಾವ ಹಣ? ರಸ್ತೆಯನ್ನು ಕಿಲೋಮೀಟರಿನಲ್ಲಿ, ಕಟ್ಟಡವನ್ನು ಚದರಡಿಯಲ್ಲಿ ಅಳೆದು ಬಿಲ್ಲು ಬರೆಯಬಹುದು. ಕೆರೆಯ ನೀರು ತಿಳಿಯಾಯಿತೇ, ತೋಟದ ಇಳುವರಿ ಮರಳಿತೇ ಎಂಬುದಕ್ಕೆ ಬಿಲ್ಲಿಲ್ಲ. ಅಳೆಯಲು ಸುಲಭವಾದದ್ದೇ ಮೊದಲು ಮುಗಿಯುತ್ತದೆ.

ಪಟ್ಟಣಗಳ ಕಸದ ಗುಡ್ಡೆಗಳದ್ದೂ ಇದೇ ಕತೆ. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಸ್ವಚ್ಛ ಭಾರತ ಮಿಷನ್‌ನ ಎರಡನೆಯ ಹಂತದಲ್ಲಿ ಹಳೆಯ ಕಸವನ್ನು ಅಗೆದು, ಜರಡಿ ಹಿಡಿದು, ಜಾಗ ಬಿಡಿಸಿಕೊಳ್ಳಲು ಕೇಂದ್ರದ ಅನುದಾನ ಇಡಲಾಯಿತು. ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಅದರ ಪ್ರಮಾಣ ಶೇ. 50. 2011ರ ಜನಗಣತಿಯಲ್ಲಿ ಸುಮಾರು 60 ಸಾವಿರ ಜನರಿದ್ದ ತಿಪಟೂರಿನಂಥ ಊರುಗಳು ಈ ವರ್ಗಕ್ಕೆ ಸೇರುತ್ತವೆ. ಅಲ್ಲಿನ ಲೆಕ್ಕವೂ ಟನ್ನು ಮತ್ತು ಎಕರೆಗಳದ್ದು. ಗುಡ್ಡೆ ಕರಗಿದ ಮೇಲೆ ಅದರಡಿಯ ಮಣ್ಣು, ಪಕ್ಕದ ಬೋರ್‌ವೆಲ್ ನೀರು ಹೇಗಿವೆ? ಬಿಡಿಸಿಕೊಂಡ ಜಾಗ ಯಾರಿಗೆ? ಕಸದ ಪಕ್ಕದಲ್ಲಿ ಸಾಮಾನ್ಯವಾಗಿ ಯಾರ ಮನೆಗಳಿರುತ್ತವೆ ಎಂಬುದು ಎಲ್ಲರಿಗೂ ಗೊತ್ತು: ಪೌರಕಾರ್ಮಿಕರು, ಗುಜರಿ ಆಯುವವರು, ದಿನಗೂಲಿಯವರು. ವಾಸನೆ ಕುಡಿದವರಿಗೆ ಅದು ಹೋದ ಮೇಲೆ ಅಲ್ಲಿ ಜಾಗವಿರುತ್ತದೆಯೇ, ಅಥವಾ ನೆಲಕ್ಕೆ ಬೆಲೆ ಬಂದೊಡನೆ ಅವರೇ ‘ಅತಿಕ್ರಮಣದಾರ’ರಾಗುತ್ತಾರೆಯೇ?

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆ ಪ್ರತ್ಯೇಕ ನಿಯಮಗಳನ್ನು ತಂದಿತು. ಕೆಡಿಸಿದವನೇ ಸರಿಪಡಿಸಬೇಕೆಂಬುದು ಅದರ ತತ್ತ್ವ. ಸ್ವಾಗತಾರ್ಹವೇ. ಆದರೆ ಗಣಿಗಾರಿಕೆಯಿಂದಾದ ಮಾಲಿನ್ಯ ಮತ್ತು ಕಸದ ಗುಡ್ಡೆಗಳ ಮಾಲಿನ್ಯವನ್ನು ಆ ನಿಯಮಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಅಂದರೆ ನಮ್ಮ ಸೀಮೆಯ ಎರಡೂ ಗಾಯಗಳು ಅದರ ಹೊರಗೇ ಉಳಿದವು.

ಅಮೆರಿಕದಲ್ಲಿ 2002ರ ಕಾಯ್ದೆಯಡಿ ಇಂಥ ನೆಲಕ್ಕೆ ಅನುದಾನ ಕೊಡುತ್ತಾರೆ. ಶುದ್ಧೀಕರಣದ ಹಣ ಕೇಳುವ ಸಂಸ್ಥೆ ತನ್ನ ಅರ್ಜಿಯ ಕರಡನ್ನು ಮೊದಲು ಊರಿನವರ ಮುಂದಿಟ್ಟು ಸಭೆ ನಡೆಸಬೇಕು. ಮಾಲಿನ್ಯಕ್ಕೆ ಹೊಣೆಯಾದವರಿಗೆ ಆ ಹಣ ದಕ್ಕದು. ಅಲ್ಲಿ ಎಲ್ಲವೂ ನೆಟ್ಟಗಿದೆ ಎಂದಲ್ಲ. ಶುದ್ಧವಾದ ನೆಲದ ಸುತ್ತ ಬಾಡಿಗೆ ಏರಿ ಬಡವರು ಗಂಟುಮೂಟೆ ಕಟ್ಟುವ ದೂರು ಅಲ್ಲೂ ಇದೆ. ಆದರೂ ಕೇಳುವ ಮೊದಲು ಊರಿಗೆ ತಿಳಿಸು ಎಂಬ ನಿಯಮ ನಮ್ಮ ಗ್ರಾಮಸಭೆಗಳಿಗೆ ಪರಕೀಯವೇನಲ್ಲ.

ತಕರಾರು ಇರುವುದು ‘ಅನುದಾನ’ ಎಂಬ ಪದದಲ್ಲೇ. ಅದರೊಳಗೊಂದು ದಾನವಿದೆ. ದಾನ ಪಡೆದವನು ಲೆಕ್ಕ ಕೇಳುವುದಿಲ್ಲ, ಕೈಮುಗಿಯುತ್ತಾನೆ. ಉದ್ಘಾಟನೆಗೆ ಹಾರ ತರುತ್ತಾನೆ. ಗಣಿ ನಿಧಿ ದಾನವಲ್ಲ, ಅಗೆದ ಗುಡ್ಡದ ಬೆಲೆ. ಅದರ ಹಕ್ಕುದಾರರು ಗುಡ್ಡದ ಕೆಳಗಿದ್ದಾರೆ. ಕಾಮಗಾರಿಗೆ ಮೊದಲು ಮತ್ತು ನಂತರ ಮಣ್ಣು, ನೀರಿನ ಪರೀಕ್ಷೆಯ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ನೆಲ ಸರಿಹೋಗುವವರೆಗೆ ಕಾಮಗಾರಿ ಮುಗಿಯಿತೆಂದು ಬರೆಯದಿರಲಿ. ಅದಾದರೆ ಅಮಾನತ್ ತನ್ನ ಮೊದಲ ಅರ್ಥಕ್ಕೆ ಮರಳೀತು.