ಗಿಲ್ಯಾದಿನ ಮದ್ದು

ಹಾಡು ಶುರುವಾಗುವುದೇ ಉತ್ತರದಿಂದ. ಗಿಲ್ಯಾದಿನಲ್ಲಿ ಗಾಯಕ್ಕೆ ಮದ್ದುಂಟು ಎಂದು ಪಲ್ಲವಿಯ ಮೊದಲರ್ಧ ಸಾರುತ್ತದೆ. ಪ್ರಶ್ನೆ ಕೇಳಿದವನು ಬೈಬಲಿನ ಪ್ರವಾದಿ ಯೆರೆಮೀಯ. ತನ್ನ ಜನರ ದುರ್ಗತಿ ಕಂಡು, ಅಲ್ಲಿ ಔಷಧವಿಲ್ಲವೇ, ವೈದ್ಯನಿಲ್ಲವೇ ಎಂದು ಆತ ಗೋಳಿಟ್ಟ (8:22). ಅಮೆರಿಕದ ಕಪ್ಪು ಗುಲಾಮರ ಪರಂಪರೆಯಿಂದ ಬಂದ ‘ಬಾಮ್ ಇನ್ ಗಿಲಿಯಡ್’ ಎಂಬ ಈ ಸ್ಪಿರಿಚುಯಲ್, ಅಂದರೆ ಭಕ್ತಿಗೀತೆ, ಅದಕ್ಕೆ ‘ಉಂಟು’ ಎಂದಿತು. ಪ್ರವಾದಿಯ ಪ್ರಶ್ನಾರ್ಥಕ ಚಿಹ್ನೆಯನ್ನು ಗುಲಾಮರು ನೆಟ್ಟಗೆ ಮಾಡಿಬಿಟ್ಟರು ಎಂಬರ್ಥದ ಮಾತನ್ನು ಧರ್ಮಚಿಂತಕ ಹೊವರ್ಡ್ ಥರ್ಮನ್ ಬರೆದಿದ್ದಾರೆ.

ಗಿಲ್ಯಾದ್ ಇರುವುದು ಯೋರ್ದನ್ ನದಿಯ ಪೂರ್ವಕ್ಕೆ. ಅಲ್ಲಿನ ಸುಗಂಧದ ಅಂಟು ಗಾಯಕ್ಕೆ ಹಚ್ಚುವ ಮದ್ದಾಗಿ ಹೆಸರಾಗಿತ್ತು. ಬೈಬಲಿನ ಆದಿಕಾಂಡದ 37ನೇ ಅಧ್ಯಾಯದಲ್ಲಿ ಅದನ್ನು ಒಂಟೆಗಳ ಮೇಲೆ ಹೇರಿಕೊಂಡು ಐಗುಪ್ತಕ್ಕೆ ಹೊರಟ ವ್ಯಾಪಾರಿಗಳಿಗೇ ಅಣ್ಣಂದಿರು ತಮ್ಮ ಯೋಸೇಫನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದ್ದು. ಮದ್ದು, ಮಾರಾಟವಾದ ಮನುಷ್ಯ, ಎರಡೂ ಒಂದೇ ದಾರಿಯಲ್ಲಿ ಸಾಗಿದವು. ಹಾಡು ಈ ಕಥೆ ಎತ್ತುವುದಿಲ್ಲ, ನಿಜ. ಗೊತ್ತಿದ್ದವರಿಗೆ ಮಾತ್ರ ಗಿಲ್ಯಾದ್ ಎಂದೊಡನೆ ಆ ಹುಡುಗ ನೆನಪಾಗದೆ ಇರುವುದಿಲ್ಲ.

ಪಲ್ಲವಿಯ ಉತ್ತರಾರ್ಧ ಪಾಪದಿಂದ ನರಳುವ ಆತ್ಮದ ಮಾತೆತ್ತುತ್ತದೆ. ಗಾಯ ಮೊದಲು, ಆತ್ಮ ಆಮೇಲೆ. ಚಾಟಿಯೇಟು ತಿಂದವರ ಬಾಯಲ್ಲಿ ಈ ಕ್ರಮ ಸಹಜವೇ. ಆತ್ಮದ ರೋಗದ ಈ ಕಲ್ಪನೆ 1779ರ ‘ಓಲ್ನಿ ಹಿಮ್ಸ್’ ಸಂಕಲನದಲ್ಲಿ ಜಾನ್ ನ್ಯೂಟನ್ ಬರೆದ ಕೀರ್ತನೆಯಲ್ಲೂ ಇದೆ. ಪಾದ್ರಿಯಾಗುವ ಮೊದಲು ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನ! ಪಲ್ಲವಿ ಮುಗಿಯುವಲ್ಲಿ ರಾಗ ಷಡ್ಜಕ್ಕೆ ಬಂದು ನಿಲ್ಲುತ್ತದೆ.

ಮೊದಲ ಚರಣದಲ್ಲಿ ಹಾಡುಗ ಸೋತಿದ್ದಾನೆ. ದುಡಿದದ್ದೆಲ್ಲ ನೀರುಪಾಲಾಯಿತೇ ಎಂಬ ಅಳಲು. ಮರುಗಳಿಗೆಯಲ್ಲೇ ಪವಿತ್ರಾತ್ಮ ಅವನಿಗೆ ಮತ್ತೆ ಜೀವ ತುಂಬುತ್ತದೆ. ಉತ್ತರ ಗೊತ್ತಿದ್ದೂ ಕುಗ್ಗುವುದುಂಟು ಎಂದು ಒಪ್ಪಿಕೊಳ್ಳುವುದರಿಂದಲೇ ಪಲ್ಲವಿಯ ಭರವಸೆಗೆ ತೂಕ ಬಂದಿದೆ.

ಎರಡನೆಯ ಚರಣ ನನಗೆ ಹೆಚ್ಚು ಪ್ರಿಯ. ಅಪೊಸ್ತಲರಾದ ಪೇತ್ರನಂತೆ ಬೋಧಿಸಲು, ಪೌಲನಂತೆ ಪ್ರಾರ್ಥಿಸಲು ಬಾರದಿದ್ದರೇನಂತೆ, ಯೇಸುವಿನ ಪ್ರೀತಿಯನ್ನು ನಾಲ್ಕು ಜನಕ್ಕೆ ಹೇಳಬಹುದಲ್ಲ ಎಂಬ ಧೈರ್ಯ ಅದರದು. ಅಮೆರಿಕದ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು; ಓದಿ ಬೋಧಿಸುವುದು ಅವರಿಗೆ ಎಲ್ಲಿಂದ ಬರಬೇಕು? ಪೌಲನ ಹೆಸರಂತೂ ಮುಳ್ಳಿನಂಥದ್ದು. ಥರ್ಮನ್ ಅವರ ಅಜ್ಜಿ ಗುಲಾಮಳಾಗಿದ್ದವರು. ಮೊಮ್ಮಗನಿಂದ ಬೈಬಲ್ ಓದಿಸಿಕೊಳ್ಳುವಾಗ ಪೌಲನ ಪತ್ರಗಳನ್ನು ಮಾತ್ರ ಬೇಡವೆನ್ನುತ್ತಿದ್ದರು. ಪ್ರೀತಿಯನ್ನು ಕುರಿತ 1 ಕೊರಿಂಥ 13ಕ್ಕೆ ಆಗೀಗ ವಿನಾಯಿತಿ. ಗುಲಾಮರೇ ಒಡೆಯರಿಗೆ ವಿಧೇಯರಾಗಿರಿ ಎಂದು ಬಿಳಿಯ ಪಾದ್ರಿ ಪೌಲನ ಹೆಸರಿನಲ್ಲೇ ಬೋಧಿಸುತ್ತಿದ್ದ. ಆ ಪೌಲನಷ್ಟು ಚೆನ್ನಾಗಿ ಪ್ರಾರ್ಥಿಸಬೇಕಿಲ್ಲ ಎಂಬ ಮಾತಿನಲ್ಲಿ ವಿನಯವಷ್ಟೇ ಅಲ್ಲ, ಸಣ್ಣ ಬಿಡುಗಡೆಯೂ ಇದೆ. ಚರಣದ ಕೊನೆ, ಯೇಸು ಸತ್ತದ್ದು ಎಲ್ಲರಿಗಾಗಿ ಎನ್ನುತ್ತದೆ. ಒಡೆಯನ ಚರ್ಚಿನಲ್ಲಿ ಹಿಂದಿನ ಬೆಂಚಿಗೆ ತಳ್ಳಿಸಿಕೊಂಡವರಿಗೆ ಇದಕ್ಕಿಂತ ದೊಡ್ಡ ಮಾತು ಬೇಕೆ?

ವೃಂದಗಾಯನಕ್ಕೆ ಇದನ್ನು ಅಳವಡಿಸಿದವರಲ್ಲಿ ವಿಲಿಯಂ ಡಾಸನ್ ಪ್ರಮುಖರು. ಅಲಬಾಮಾದ ಟಸ್ಕೀಗೀ ಸಂಸ್ಥೆಯ ಗಾಯಕವೃಂದವನ್ನು 1931ರಿಂದ 1955ರವರೆಗೆ ಕಟ್ಟಿ ಬೆಳೆಸಿದವರು ಅವರು. ಇದನ್ನು ಬರೀ ಜೋಗುಳದ ಹಾಗೆ ಸಿಹಿಯಾಗಿ ಹಾಡುವ ಮೇಳಗಳೂ ಇವೆ. ಅವು ಮೊದಲ ಚರಣವನ್ನು ಕೇಳಿಸಿಕೊಂಡಿಲ್ಲ ಅನ್ನಿಸುತ್ತದೆ. ಕೇಳಲು ಕೂರುವ ಮುನ್ನ ಯೆರೆಮೀಯನ ಎಂಟನೆಯ ಅಧ್ಯಾಯದ ಕೊನೆಯ ನಾಲ್ಕೈದು ವಚನಗಳನ್ನು ಓದಿಕೊಳ್ಳಿ.